ಸೊನ್ನೆಯ ತುಟಿ

ಇರುವೆ ಇರಬೇಕು ಅಂದುಕೊಂಡ ಲ್ಯೂಬೆನ್. ಟ್ರಾಮಿನ ಕಿಟಕಿಗೆ ಒರಗಿ ಕೂತವನ ತುಟಿಯ ಎಡಮೂಲೆಯಲ್ಲಿ ಏನೋ ಹರಿದಾಡಿತು, ಚುರ್ ಅಂದಿತು, ನಿಂತಿತು, ಮತ್ತೆ ಹರಿಯಿತು. ಮಾರ್ಚ್ ಒಂದನೇ ತಾರೀಕಿನ ಸೋಫಿಯಾದಲ್ಲಿ, ಅರ್ಧ ಕರಗಿದ ಹಿಮ ರಸ್ತೆಯ ಅಂಚಿನಲ್ಲಿ ಕೊಳೆತ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಬಿದ್ದಿರುವಾಗ, ಇರುವೆ ಎಲ್ಲಿಂದ ಬರಬೇಕು? ಆದರೂ ಅವನು ಮನಸ್ಸಿನೊಳಗೇ ಇರುವೆಯ ಪರವಾಗಿ ವಕಾಲತ್ತು ಹೂಡಿದ. ಇರುವೆಯಲ್ಲದಿದ್ದರೆ ಚಳಿಗೆ ಒಡೆದಿರಬಹುದು. ಒಡೆದಿಲ್ಲದಿದ್ದರೆ ಬ್ಲೇಡು ತಾಗಿರಬಹುದು. ಬ್ಲೇಡೂ ಅಲ್ಲದಿದ್ದರೆ ನಿನ್ನೆಯ ಹುರಿದ ಮೆಣಸಿನಕಾಯಿ. ಇದೇ ಬಾಯಿ ಮೂವತ್ತು ಚಿಲ್ಲರೆ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಂದಿತ್ತು: ಮೊದಲು ಇರುವೆ ಹರಿದ ಹಾಗಾಗುತ್ತದೆ, ಆಮೇಲೆ ಉರಿ, ಆಮೇಲೆ ಗುಳ್ಳೆ, ಇರುವೆ ಅನ್ನುವ ರೋಗಿಯನ್ನು ನಂಬಬೇಡಿ, ಅವನು ಯಾರನ್ನೋ ಮುಚ್ಚಿಡುತ್ತಿದ್ದಾನೆ. ಅಲ್ಲಿಗೆ ಬಂದಾಗ ತರಗತಿ ನಗುತ್ತಿತ್ತು. ಪ್ರತಿ ವರ್ಷ ಅದೇ ಜಾಗದಲ್ಲಿ ನಗುತ್ತಿತ್ತು, ಅವನು ಪ್ರತಿ ವರ್ಷ ಅದಕ್ಕಾಗಿ ಒಂದು ಗಳಿಗೆ ಕಾಯುತ್ತಿದ್ದ.

ನಾಲಗೆಯ ತುದಿಯಿಂದ ಮುಟ್ಟಿ ನೋಡಿದ. ಗಸಗಸೆ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಕೂತ ಹಾಗಿತ್ತು. ಎದುರು ಸೀಟಿನ ಮುದುಕಿ ಅವನನ್ನೇ ನೋಡುತ್ತಿದ್ದಳು. ಅವಳ ಕೋಟಿನ ಮೇಲೆ ಕೆಂಪು-ಬಿಳಿ ನೂಲಿನ ಗೊಂಡೆ. ಇವತ್ತು ಊರಿಗೂರೇ ಆ ನೂಲು ಕಟ್ಟಿಕೊಳ್ಳುವ ದಿನ. ಮಾರ್ತಾ ಅಜ್ಜಿ, ಅಂದರೆ ಗಳಿಗೆಗೊಮ್ಮೆ ನಕ್ಕು ಗಳಿಗೆಗೊಮ್ಮೆ ಸಿಡುಕುವ ಮಾರ್ಚ್ ತಿಂಗಳೆಂಬ ಮುದುಕಿ, ಮನಸ್ಸು ಕರಗಿ ಬಿಸಿಲು ಕೊಡಲಿ ಅಂತ. "ಬೆಳ್ಳುಳ್ಳಿ ಉಜ್ಜಿಕೊ ಮಗನೇ," ಅಂದಳು ಮುದುಕಿ, ಇಡೀ ಟ್ರಾಮಿಗೆ ಕೇಳುವ ಹಾಗೆ. "ಮುತ್ತು ಕೊಡುವಾಗ ಸಿಹಿಯಾಗಿತ್ತಲ್ಲ? ಈಗ ಅನುಭವಿಸು." ಪಕ್ಕದವರು ನಕ್ಕರು. ಹರ್ಪಿಸ್ ವೈರಾಣುವಿನ ಮೇಲೆ ದೇಶದಲ್ಲೇ ದೊಡ್ಡ ತಜ್ಞ, ಪ್ರೊಫೆಸರ್ ಲ್ಯೂಬೆನ್ ಕರಾಸ್ಲಾವೊವ್, ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟ.

ಯಾಕೆಂದರೆ ಅವನು ಸೊನ್ನೆಯಾಗಿದ್ದ. ಇದು ಬೈಗುಳವಲ್ಲ, ಬಿರುದು. ಆ ವೈರಾಣು ಯಾರ ಮೈಯಲ್ಲಿದೆ ಅಂತ ರಕ್ತದಲ್ಲಿ ಅಳೆಯಬೇಕಾದರೆ, ಅದು ಇಲ್ಲದವನ ರಕ್ತವೊಂದು ಪಕ್ಕದಲ್ಲಿ ಇರಬೇಕು. ತಕ್ಕಡಿಗೆ ಸಾಮಾನು ಹಾಕುವ ಮುಂಚೆ ಮುಳ್ಳು ಸೊನ್ನೆಯಲ್ಲಿ ನಿಂತಿದೆಯೋ ಅಂತ ನೋಡಿದ ಹಾಗೆ. ಅವನು ಸಂಸ್ಥೆಗೆ ಸೇರಿದ್ದು ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯ ಕಾಲದಲ್ಲಿ. ಆಗ ಹೊರದೇಶದಿಂದ ಅಂಥದ್ದೊಂದು ಸೀಸೆ ತರಿಸುವುದೆಂದರೆ ಏಳು ಕೋಟೆ ದಾಟಿ ರಾಜಕುಮಾರಿಯನ್ನು ತಂದಷ್ಟೇ ಕಷ್ಟ. ಹಾಗಾಗಿ ಆಗಿನ ಹಿರಿಯ ಪ್ರೊಫೆಸರ್ ದ್ರುಮೆವ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋಳು ಚಾಚಿಸಿದ. ಪುಟ್ಟ ಪುಟ್ಟ ಗುಳಿಗಳಿರುವ ತಟ್ಟೆಯಲ್ಲಿ ಒಬ್ಬೊಬ್ಬರ ರಕ್ತದ ತಿಳಿ ಒಂದೊಂದು ಹನಿ. ವೈರಾಣು ಹೊಕ್ಕವರ ಗುಳಿ ಹಳದಿಯಾಗುತ್ತದೆ. ಟೈಪಿಸ್ಟಳದು ಹಳದಿ, ಡ್ರೈವರನದು ಹಳದಿ, ದ್ರುಮೆವ್‌ನದು ಕಡು ಹಳದಿ, ಇಲಿಗಳಿಗೆ ಮೇವು ಹಾಕುವವಳದು ಸೂರ್ಯಕಾಂತಿಯ ಹಾಗೆ ಹಳದಿ. ಒಂದೇ ಒಂದು ಗುಳಿ ನೀರಿನ ಹಾಗೆ ನಿಂತಿತು. ದ್ರುಮೆವ್ ಕುಸ್ತಿ ಗೆದ್ದವನ ಕೈ ಎತ್ತಿದ ಹಾಗೆ ಲ್ಯೂಬೆನ್‌ನ ಕೈ ಎತ್ತಿ, "ಸಂಗಾತಿಗಳೇ, ಸೊನ್ನೆ ಸಿಕ್ಕಿದ!" ಎಂದು ಕೂಗಿದ. ಹಿಂದಿನ ಸಾಲಿನಲ್ಲಿ ಟೈಪಿಸ್ಟ್ ಹುಡುಗಿ ಪಿಸುಗುಟ್ಟಿದಳು, "ಅಯ್ಯೋ ಪಾಪ, ಇಷ್ಟು ವಯಸ್ಸಾದರೂ ಒಬ್ಬಳೂ ಮುತ್ತು ಕೊಟ್ಟಿಲ್ಲ." ಪಿಸುಮಾತು ಕೂಗಿಗಿಂತ ದೂರ ಹೋಯಿತು. ಅವನ ಕಿವಿ ಕಾದವು. ಆದರೆ ಅವಮಾನವನ್ನು ಒರೆಸಿ ಒರೆಸಿ ಹೊಳಪು ಕೊಟ್ಟು ಪದಕ ಮಾಡಿಕೊಳ್ಳುವುದು ಅವನಿಗೆ ಬರುತ್ತಿತ್ತು. ಅಂದಿನಿಂದ ಪ್ರತಿ ಮಾರ್ಚ್ ಒಂದಕ್ಕೆ ಸಂಸ್ಥೆಯವರು ನೂಲು ಕಟ್ಟಿ, ಕೇಕು ಕೊಯ್ದು, ಅವನ ರಕ್ತ ಇಳಿಸಿಕೊಳ್ಳುವುದು ಪದ್ಧತಿಯಾಯಿತು. ಕೊಳವೆಯಲ್ಲಿ ಕೆಂಪು ಕೆಳಗಿಳಿದು ತಿಳಿ ಮೇಲೆ ನಿಂತಾಗ, ಕೆಂಪು-ಬಿಳಿ, ನೋಡಿ ಮಾರ್ತಾ ಅಜ್ಜಿಯ ನೂಲು ಎಂದು ಯಾರಾದರೊಬ್ಬರು ಹೇಳಲೇಬೇಕು. ಎಲ್ಲರೂ ನಗಲೇಬೇಕು.

ಔಷಧದಂಗಡಿಯಲ್ಲಿ ಪ್ಲಾಸ್ಟರು ಕೊಂಡು ಅಂಗಡಿಯ ಗಾಜಿನಲ್ಲೇ ನೋಡಿಕೊಂಡು ಅಂಟಿಸಿದ. ಗಾಜಿನಲ್ಲಿ ಅಮ್ಮನ ಮುಖ ಕಂಡಿತು, ಅಮ್ಮನ ತೆಳ್ಳನೆಯ, ಸದಾ ಒರೆಸಿಟ್ಟ ತುಟಿ. ಅಮ್ಮ ನೈರ್ಮಲ್ಯ ಇಲಾಖೆಯ ಡಾಕ್ಟರು. ಹಳ್ಳಿಯಿಂದ ಅವಳ ತಾಯಿ ಬಂದರೆ ಮಗುವಿಗೂ ಅಜ್ಜಿಗೂ ನಡುವೆ ಕುರ್ಚಿ ಇಡುತ್ತಿದ್ದಳು. ಅಜ್ಜಿಯ ತುಟಿಯಲ್ಲಿ ಚಳಿಗಾಲವಿಡೀ ಗುಳ್ಳೆ. ಅಜ್ಜಿ ಕುರ್ಚಿಯ ಆಚೆ ಕೂತೇ ಕಥೆ ಹೇಳುತ್ತಿದ್ದಳು: ರಕ್ಕಸನೊಬ್ಬ ರಾಜನ ಕೆನ್ನೆಯ ಒಳಗೆ ಹೊಕ್ಕು ಮಲಗಿದ್ದನಂತೆ, ರಾಜನಿಗೆ ನಿದ್ದೆಗೆಟ್ಟಾಗ, ಬಿಸಿಲು ಬಡಿದಾಗ, ಮನಸ್ಸು ಮುರಿದಾಗ ಎದ್ದು ತುಟಿಯ ಬಾಗಿಲಿಗೆ ಬಂದು ಕೂರುತ್ತಿದ್ದನಂತೆ, ರಾಜ ಸತ್ತರೇ ಅವನು ಸಾಯುವುದಂತೆ. ಮುಂದೆ ಲ್ಯೂಬೆನ್ ಅದೇ ಕಥೆಯನ್ನು ಗ್ರಾಫು ಹಾಕಿ ಡಾಕ್ಟರೇಟಿಗೆ ಬರೆದ. ನರದ ಬೇರಿನಲ್ಲಿ ಮಲಗುವ ಈ ವೈರಾಣು ಸರ್ಪಸುತ್ತಿನ ದಾಯಾದಿ. ಒಮ್ಮೆ ಹೊಕ್ಕರೆ ಬಾಡಿಗೆ ಕೊಡದೆ ಸಾಯುವ ತನಕ ಇರುತ್ತದೆ. ಅಜ್ಜಿಗೆ ಕೃತಜ್ಞತೆ ಬರೆಯಲಿಲ್ಲ. ಅಜ್ಜಿಯನ್ನು ಮುಟ್ಟಿಯೂ ಇರಲಿಲ್ಲ. ಅವನ ಮದುವೆಯ ದಿನ ನೆಂಟರೆಲ್ಲ ಲೋಟ ಎತ್ತಿ, "ಕಹಿ! ವೈನು ಕಹಿ!" ಎಂದು ಕೂಗಿದ್ದರು. ಗಂಡು ಹೆಣ್ಣಿನ ತುಟಿಗೆ ಮುತ್ತು ಕೊಟ್ಟು ವೈನು ಸಿಹಿ ಮಾಡಬೇಕು. ಮದುಮಗಳು ನೆವೆನಾ ಮುಖ ಎತ್ತಿದಳು. ಅವಳ ಮೇಲ್ದುಟಿಯ ಅಂಚಿನಲ್ಲಿ ಹಳೆಯ ಗುಳ್ಳೆಯ ಮಾಸಲು ಕಲೆ. ಅವನು ಹಣೆಗೆ ಕೊಟ್ಟ. "ಇನ್ನೂ ಕಹಿ! ಇನ್ನೂ ಕಹಿ!" ಕೂಗು ನಿಲ್ಲಲಿಲ್ಲ. ಅವನು ಮತ್ತೆ ಹಣೆಗೇ ಕೊಟ್ಟ. ಅವಳು ಕಣ್ಣು ತೆರೆದು ನೋಡಿದ ನೋಟ, ಅಂಗಡಿಯ ಗಾಜಿನಲ್ಲಿ ಅಮ್ಮನ ಮುಖದ ಹಿಂದೆ, ಈಗಲೂ ಇತ್ತು.

"ಬ್ಲೇಡು ಬದಲಾಯಿಸಿ ಪ್ರೊಫೆಸರ್," ಅಂದಳು ರಾಲಿತ್ಸಾ, ಸಂಸ್ಥೆಯ ಬಾಗಿಲಲ್ಲೇ ಅವನ ಮಣಿಕಟ್ಟಿಗೆ ನೂಲು ಕಟ್ಟುತ್ತ. ಅವನ ಕೈಕೆಳಗೇ ಡಾಕ್ಟರೇಟು ಮುಗಿಸಿ ಈಗ ಲ್ಯಾಬು ನಡೆಸುವವಳು. ಅವಳ ಕಣ್ಣು ಪ್ಲಾಸ್ಟರಿನ ಮೇಲೆ ಒಂದು ಕ್ಷಣ ಕೂತು ಸಭ್ಯವಾಗಿ ಹಾರಿಹೋಯಿತು. ಹರ್ಪಿಸ್ ಲ್ಯಾಬಿಗೆ ತುಟಿಗೆ ಪ್ಲಾಸ್ಟರು ಅಂಟಿಸಿಕೊಂಡು ಬರುವುದೆಂದರೆ ಪೊಲೀಸ್ ಠಾಣೆಗೆ ಮುಖವಾಡ ಹಾಕಿಕೊಂಡು ಹೋದ ಹಾಗೆ ಎಂಬುದು ಅವನಿಗೆ ಆಗ ಹೊಳೆಯಿತು. "ಇವತ್ತು ಕೊನೇ ಸಲ, ದೊಡ್ಡ ಚೀಲವೇ ತುಂಬಿಸ್ತೀವಿ," ಅಂದಳು. ಬೇಸಿಗೆಗೆ ಅವನ ನಿವೃತ್ತಿ. ಇವತ್ತಿನ ರಕ್ತದ ತಿಳಿಯನ್ನು ಸೀಸೆಗಳಲ್ಲಿ ಹೆಪ್ಪುಗಟ್ಟಿಸಿ, ಅವನ ಹೆಸರಿನ ಚೀಟಿ ಅಂಟಿಸಿ, ದೇಶದ ಅಳತೆಗೋಲು ಎಂದು ಇಡುತ್ತಾರಂತೆ. ಆರೋಗ್ಯ ಸಚಿವಾಲಯದ ಕ್ಯಾಮೆರಾ ಬರುತ್ತದಂತೆ. "ಲೆಷ್ಕಾದ ಮೇಯರು ಆಗಲೇ ಬಂದು ಕೂತಿದ್ದಾರೆ. ಕಾರಿಡಾರೆಲ್ಲ ಮೇಕೆ ವಾಸನೆ."

ಗೊರ್ನಾ ಲೆಷ್ಕಾ ಬೆಟ್ಟದ ಊರು. ಲ್ಯೂಬೆನ್‌ನನ್ನು ಅಲ್ಲಿ ಹರ್ಪಿಸೇ ಇಲ್ಲ ಎಂದು ಬರೆದದ್ದಕ್ಕೆ ಪ್ರೊಫೆಸರ್ ಮಾಡಿದ ಊರು. ಅದರ ಮೇಯರ್ ದೆಲ್ಚೊ ಒಂದು ತೋಳಿನಲ್ಲಿ ಗಿಣ್ಣಿನ ಚಕ್ರ, ಇನ್ನೊಂದರಲ್ಲಿ ಬಾಟಲಿ ಹಿಡಿದು, ಇಡೀ ಕಾರಿಡಾರಿಗೆ ತಾನೇ ಅತಿಥೇಯ ಅನ್ನುವ ಹಾಗೆ ನಿಂತಿದ್ದ. "ಬನ್ನಿ ಬನ್ನಿ ಪ್ರೊಫೆಸರೇ! ನಮ್ಮೂರ ದೇವರೇ!" ಅಂತ ಅಪ್ಪಿಕೊಂಡು ಎರಡು ಕೆನ್ನೆಗೂ ಮುತ್ತಿಟ್ಟ. "ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದೀವಿ. 'ಶುದ್ಧ ಕಣಿವೆಗೆ ಸ್ವಾಗತ'. ಕೆಳಗೆ ನಿಮ್ಮ ಹೆಸರು. ಅದರ ಕೆಳಗೆ ಮೊಸರಿನ ಕುಡಿಕೆ. ಮೊಸರು ಹೇಗೆ ಹೋಗ್ತಿದೆ ಅಂತೀರಿ!" ಒಂದು ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. ಮೊದಲು ಕಣ್ಣು ಹೊಡೆಯುತ್ತಿದ್ದಾನೆ ಅಂದುಕೊಂಡ ಲ್ಯೂಬೆನ್. ಅಲ್ಲ. ರೆಪ್ಪೆ ಊದಿತ್ತು, ನೀರು ಸುರಿಯುತ್ತಿತ್ತು, ಸಂದಿಯಲ್ಲಿ ಕಂಡ ಬಿಳಿಭಾಗ ಬಿಳಿಯಾಗಿರಲಿಲ್ಲ.

"ಕಣ್ಣಿಗೆ ಏನಾಯ್ತು?"

"ಹುಲ್ಲಿನ ಧೂಳು. ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗೆ. ಜಿಲ್ಲಾಸ್ಪತ್ರೆ ಡಾಕ್ಟ್ರು ಹೊಸಬ, ಎಳಸು. 'ಹರ್ಪಿಸ್ ಇರಬಹುದು' ಅಂದ. ನಾನು ಎದ್ದು ನಿಂತೆ. 'ಸ್ವಾಮೀ, ನಾನು ಲೆಷ್ಕಾದವನು! ಪ್ರೊಫೆಸರ್ ಕರಾಸ್ಲಾವೊವ್ ಹೆಸರು ಕೇಳಿದ್ದೀರಾ?' ಅಂದೆ. ಪಾಪ, ಬೆವತುಬಿಟ್ಟ. ಕ್ಷಮೆ ಕೇಳಿ ಈ ಹನಿ ಕೊಟ್ಟ." ಜೇಬಿನಿಂದ ಪುಟ್ಟ ಸೀಸೆ ತೆಗೆದ. "ಹಾಕಿದ ಕೂಡಲೇ ತಂಪು. ಆಮೇಲೆ ಇನ್ನೂ ಜಾಸ್ತಿ ಆಗುತ್ತೆ, ಅದು ಬೇರೆ ಮಾತು."

ಲ್ಯೂಬೆನ್ ಸೀಸೆ ಓದಿದ. ಸ್ಟಿರಾಯ್ಡ್. ಧೂಳಿಗಾದರೆ ಸರಿ. ಅದು ಆ ವೈರಾಣುವಾಗಿದ್ದರೆ, ಈ ಹನಿ ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಕಣ್ಣಪಾಪೆಯ ಮೇಲಿನ ಗಾಜಿನಂಥ ಪದರು ತೂತಾಗಲು ಹೆಚ್ಚು ದಿನ ಬೇಡ. ಬಾಯಿ ತೆರೆದ. ಪ್ಲಾಸ್ಟರು ಎಳೆಯಿತು. "ಹೌದಾ," ಅಂದ, ಅಷ್ಟೇ. ಆ ಒಂದು ಮಾತಿನಲ್ಲಿ ಎಷ್ಟು ಹೇಡಿತನ ಹಿಡಿಸುತ್ತದೆ ಅಂತ ಅವನಿಗೇ ಆಶ್ಚರ್ಯವಾಯಿತು. "ನಮ್ಮಲ್ಲಿ ಈಗ ಯಾರಿಗಾದರೂ ತುಟಿ ಒಡೆದರೂ ಮನೆಯಿಂದ ಹೊರಗೆ ಬರಲ್ಲ," ದೆಲ್ಚೊ ಹೆಮ್ಮೆಯಿಂದ ಹೇಳುತ್ತಿದ್ದ. "ಹಿಟ್ಟು ಬಳಕೊಂಡು ಕೂರ್ತಾರೆ. ಊರಿನ ಮಾನದ ಪ್ರಶ್ನೆ ಅಲ್ವಾ?"

ಶೌಚಾಲಯದ ಚಿಲಕ ಹಾಕಿಕೊಂಡು ಅವನು ಲೆಕ್ಕ ಹಾಕಿದ. ಹಾಕದೆ ಇರಲಾಗಲಿಲ್ಲ. ಲೆಷ್ಕಾದಿಂದ ರಕ್ತ ತಂದಿದ್ದು ಒಂದು ಫೆಬ್ರವರಿಯಲ್ಲಿ. ಮಾರ್ಚ್ ಒಂದಕ್ಕೆ ತನ್ನ ರಕ್ತ ಕೊಟ್ಟು, ಆ ಹೊಸ ಸೀಸೆ ಪಕ್ಕದಲ್ಲಿಟ್ಟುಕೊಂಡು ಕಣಿವೆಯವರ ರಕ್ತ ಅಳೆದದ್ದು. ಸೋಫಿಯಾದವರನ್ನು ಅಳೆದದ್ದು ಅದಕ್ಕೆ ಮೊದಲು, ಹಳೆಯ ಸೀಸೆಯಿಂದ. ಸೋಫಿಯಾ ಇಡೀ ಹಳದಿ. ಲೆಷ್ಕಾ ನೀರಿನ ಹಾಗೆ ಶುದ್ಧ! ಅದೇ ಊರಿನಲ್ಲಿ ಮದುವೆಯ ಮರದ ಬಾಟಲಿ ನೂರು ಬಾಯಿಗೆ ಒಂದರ ಹಿಂದೊಂದು ತಾಗುವುದನ್ನು, ಈಸ್ಟರಿಗೆ ಊರೆಲ್ಲ ತುಟಿಗೆ ತುಟಿ ಒತ್ತುವುದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ಬೆಟ್ಟದ ಗಾಳಿ ಎಂದು ಬರೆದ. ಮೇಕೆ ಮೊಸರು ಎಂದು ಬರೆದ. ಪತ್ರಿಕೆಯವರು ಕುಣಿದರು, ಮಂತ್ರಿ ಮೊಸರು ತಿನ್ನುವ ಫೋಟೋ ಬಂತು. ಆಮೇಲಿನ ವರ್ಷಗಳಲ್ಲಿ ಅವನ ಅಳತೆಯಲ್ಲಿ ದೇಶವೇ ಶುದ್ಧವಾಗುತ್ತ ಹೋಯಿತು, ಸಚಿವಾಲಯ ಬೆನ್ನು ತಟ್ಟಿತು. ತಕ್ಕಡಿಯ ಮುಳ್ಳು ಮೊದಲೇ ವಾಲಿದ್ದರೆ? ಸೊನ್ನೆಯ ಸೀಸೆಯೇ ಹಳದಿಯಾಗಿದ್ದರೆ, ಉಳಿದವರೆಲ್ಲ ಅದರ ಮುಂದೆ ನೀರಿನ ಹಾಗೆ ಕಾಣದೆ ಇನ್ನೇನು? ಆದರೆ ಈ ಗುಳ್ಳೆಯ ಸೋಂಕು ಆಮೇಲೆ ಯಾವಾಗಲೋ ಬಂದದ್ದಾದರೆ ಎಲ್ಲವೂ ಉಳಿಯುತ್ತದೆ. ಕಣಿವೆ ಉಳಿಯುತ್ತದೆ. ದೆಲ್ಚೊನ ಕಣ್ಣಲ್ಲಿರುವುದು ಧೂಳಾಗುತ್ತದೆ. ದೇವರೇ, ಧೂಳಾಗಿರಲಿ. ಆದರೆ ಆಮೇಲೆ ಯಾರು? ಎಷ್ಟು ಹುಡುಕಿದರೂ ಅವನ ತುಟಿಯ ಚರಿತ್ರೆಯಲ್ಲಿ ಒಬ್ಬಳೂ ಸಿಗಲಿಲ್ಲ. ಸಿಗದೇ ಇದ್ದದ್ದು ಈಗ ಮೊದಲ ಸಲ ಹೆಮ್ಮೆ ಅನ್ನಿಸಲಿಲ್ಲ.

ಫೋನು ತೆಗೆದ. ನೆವೆನಾ ಬಿಟ್ಟುಹೋಗಿ ವರ್ಷಗಳಾಗಿದ್ದವು. ಬೊಂಬೆಯಾಟದ ರಂಗಮಂದಿರದಲ್ಲಿ ಬೊಂಬೆಗಳಿಗೆ ದನಿ ಕೊಡುತ್ತಿದ್ದಳು, ಈಗಲೂ.

"ನಾನು. ಲ್ಯೂಬೆನ್."

"ಯಾರು ಸತ್ತರು?"

"ಯಾರೂ ಇಲ್ಲ. ಒಂದು ಕೇಳಬೇಕಿತ್ತು. ನೀನು ಯಾವಾಗಲಾದರೂ... ನನ್ನ... ತುಟಿಗೆ..."

"ಬೆಳಿಗ್ಗೆ ಬೆಳಿಗ್ಗೆ ಕುಡಿದಿದ್ದೀಯಾ?"

"ಗುಳ್ಳೆ ಎದ್ದಿದೆ, ನೆವೆನಾ."

ಆ ಕಡೆ ಅವಳು ನಕ್ಕಳು. ಗೇಲಿಯ ನಗುವಲ್ಲ. ಎಂದೋ ಕಳೆದ ಓಲೆ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕವಳ ನಗು.

"ಈಗ ಎದ್ದಿತಾ? ಅಬ್ಬಾ, ಎಷ್ಟು ಕಾಯಿಸಿದೆ ಮಾರಾಯ! ನೀನು ಆ ಲೆಷ್ಕಾಕ್ಕೆ ಹೊರಟೆಯಲ್ಲ, ಆವತ್ತು ಬೆಳಗಿನ ಜಾವ. ನನ್ನ ತುಟಿಯೆಲ್ಲ ಹುಣ್ಣು ಅಂತ ಅಡಿಗೆಮನೆ ಸೋಫಾಕ್ಕೆ ಓಡಿಹೋಗಿ ಮಲಗಿದ್ದೆ ನೀನು. ನನ್ನ ಟವೆಲ್ಲಿಗೆ ಗುರುತು ಬೇರೆ ಹಾಕಿದ್ದೆ. ನಾನು ನೀರು ಕುಡಿಯೋಕೆ ಬಂದೆ. ನೀನು ಬಾಯಿ ತೆರಕೊಂಡು ಮಲಗಿದ್ದೆ. ನಾನು ಮುತ್ತು ಕೊಟ್ಟೆ."

"ಬೇಕು ಅಂತಲೇ?"

"ಮುತ್ತು ಬೇಡ ಅಂತ ಯಾರು ಕೊಡ್ತಾರೆ? ಕೇಳು, ನೀನೂ ತಿರುಗಿ ಕೊಟ್ಟೆ. ನಿದ್ದೆಯಲ್ಲಿ. ನನ್ನ ಕತ್ತು ಹಿಡಕೊಂಡು. ಇಡೀ ಮದುವೆಯಲ್ಲಿ ನನಗೆ ಸಿಕ್ಕಿದ್ದು ಅದೊಂದೇ."

"ಯಾಕೆ ಹೇಳಲಿಲ್ಲ?" ಅವನ ದನಿ ಶೌಚಾಲಯದ ಗೋಡೆಗೆ ಬಡಿದು ಕೀರಲಾಯಿತು.

"ಹೇಳಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಜ್ವರ, ಬಾಯೆಲ್ಲ ಹುಣ್ಣು, ಹಳ್ಳಿಯ ಮೇಕೆ ಹಾಲು ಕೆಟ್ಟಿತ್ತು ಅಂತ. ದೇಶಕ್ಕೇ ದೊಡ್ಡ ತಜ್ಞ ಮೇಕೆಯ ಮೇಲೆ ಹಾಕಿದ ಮೇಲೆ, ಬೊಂಬೆ ಆಡಿಸೋಳು ನಾನ್ಯಾವಳು? ನೀನೇ ಕಂಡುಹಿಡೀತೀಯ ಅಂತ ಕಾದೆ. ನೀನು ಮೊಸರು ಕಂಡುಹಿಡಿದೆ." ಹಿಂದಿನಿಂದ ಯಾರೋ ಅವಳನ್ನು ಕರೆದರು. "ನನ್ನ ತೋಳದ ಬೊಂಬೆ ಸ್ಟೇಜಿಗೆ ಬರಬೇಕು, ಇಡ್ತೀನಿ. ಬೆಳ್ಳುಳ್ಳಿ ಹಚ್ಚಬೇಡ, ಉರಿಯುತ್ತೆ."

ಜ್ವರ ನೆನಪಿತ್ತು. ದೆಲ್ಚೊನ ತಾಯಿ ಹೊದಿಸಿದ ಮೇಕೆಕೂದಲಿನ ಕಂಬಳಿ, ನುಂಗಲಾಗದೆ ಉಗಿದ ಗಂಜಿ, ಒಸಡಿನ ತುಂಬ ಬಿಳಿ ಹುಣ್ಣು. ಅದನ್ನು ವಿವರಿಸುವ ಒಂದು ಇಡೀ ಅಧ್ಯಾಯ ತಾನೇ ಬರೆದದ್ದು ಮಾತ್ರ ಆಗ ನೆನಪಾಗಿರಲಿಲ್ಲ. ಬೇರೆ ಯಾರ ಬಾಯಲ್ಲಿ ಕಂಡಿದ್ದರೂ ಅವನು ಕೋಣೆಯ ಬಾಗಿಲಿಂದಲೇ ಹೇಳಿಬಿಡುತ್ತಿದ್ದ. ಕತ್ತು ಹಿಡಕೊಂಡು, ಅಂದಳಲ್ಲ. ಅವನು ತನ್ನ ಕೈಗಳನ್ನು ನೋಡಿಕೊಂಡ. ಯಾವ ಕೈಯಿಂದ ಹಿಡಿದಿರಬಹುದು?

ಹೊರಗೆ ಬಂದವನು ರಾಲಿತ್ಸಾಳನ್ನು ಶೀತಲ ಕೋಣೆಗೆ ಎಳೆದುಕೊಂಡು ಹೋಗಿ ಪ್ಲಾಸ್ಟರು ಕಿತ್ತು ತೋರಿಸಿದ. "ಇವತ್ತು ನನ್ನ ರಕ್ತ ತೆಗೀಬೇಡ. ಅದು ಸೊನ್ನೆ ಅಲ್ಲ. ಲೆಷ್ಕಾದ ಕಾಲದಿಂದಲೂ ಅಲ್ಲ. ನಮ್ಮ ಅಳತೆ ಎಲ್ಲ, ಅಷ್ಟೂ ವರ್ಷದ್ದು..." ಕಟ್ಟಡ ಕುಸಿಯುತ್ತದೆ, ಅವಳು ಕಿರುಚುತ್ತಾಳೆ ಅಂದುಕೊಂಡಿದ್ದ. ಅವಳು ಬಾಗಿಲು ಮುಂದೆ ಮಾಡಿ, ಮಗುವಿಗೆ ಸಾಂತಾಕ್ಲಾಸನ ವಿಷಯ ಹೇಳಬೇಕಾಗಿ ಬಂದವಳ ಹಾಗೆ ನಿಂತಳು.

"ನಮಗೆ ಗೊತ್ತು ಪ್ರೊಫೆಸರ್."

"ಏನು ಗೊತ್ತು?"

"ಗಡಿ ತೆರೆದ ಮೇಲೆ ಜರ್ಮನಿಯಿಂದ ಮೊದಲನೇ ಕಿಟ್ ಬಂತಲ್ಲ, ಆವಾಗಲೇ ನಿಮ್ಮ ತಿಳಿ ಹಾಕಿ ನೋಡಿದೆ. ಎಷ್ಟು ಹಳದಿ ಅಂತೀರಿ! ಆಮೇಲೆ ನಿಮ್ಮದನ್ನ ಬಳಸೇ ಇಲ್ಲ. ಕೊಂಡುಕೊಂಡಿದ್ದನ್ನೇ ಬಳಸ್ತೀವಿ."

"ಪ್ರತಿ ವರ್ಷ ನನ್ನ ತೋಳಿಗೆ ಸೂಜಿ ಹಾಕ್ತಿದ್ದೀರಲ್ಲ?"

"ನೀವು ಬೆಳಿಗ್ಗೆಯಿಂದ ತೋಳು ಮಡಚಿಕೊಂಡು ಕಾಯ್ತಾ ಇರ್ತಿದ್ರಿ. ಬೇಡ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ? ನನ್ನ ಥೀಸಿಸ್ಸು ನಿಮ್ಮ ಮೇಜಿನ ಮೇಲಿತ್ತು ಬೇರೆ." ಅವಳು ತಲೆ ತಗ್ಗಿಸಿದಳು, ಆದರೆ ತುಟಿಯಂಚು ಪೂರ್ತಿ ತಗ್ಗಲಿಲ್ಲ. "ಕೇಕೂ ಚೆನ್ನಾಗಿರುತ್ತೆ."

"ರಕ್ತ?"

"ಬ್ಲೀಚು ಹಾಕಿ ಸಿಂಕಿಗೆ."

ತನ್ನ ಪಾಪದಿಂದ ಒಂದು ದೇಶದ ವಿಜ್ಞಾನ ಮುಳುಗಿತು ಅಂತ ಹೆದರಿ ನಡುಗುವುದರಲ್ಲೂ ಒಂದು ಘನತೆ ಇತ್ತು. ಅದೂ ಸಿಂಕಿಗೆ ಹೋಯಿತು. "ಇವತ್ತಿನ ಸೀಸೆ?" ಅಂತ ಕೇಳಿದ ಹೇಗೋ. "ಹೆಸರು ನಿಮ್ಮದೇ ಇರುತ್ತೆ. ಒಳಗೆ ಜರ್ಮನಿಯದು ತುಂಬಿಸ್ತೀವಿ," ಅಂದಳು, ಸಮಾಧಾನ ಮಾಡುವ ದನಿಯಲ್ಲಿ. "ಲೆಷ್ಕಾದ ಪ್ರಬಂಧವನ್ನ ಈಗ ಯಾರೂ ಓದಲ್ಲ ಪ್ರೊಫೆಸರ್. ಕೊನೇ ಸಲ ಉಲ್ಲೇಖ ಮಾಡಿದ್ದು ನೀವೇ. ಪ್ಲಾಸ್ಟರು ಮತ್ತೆ ಅಂಟಿಸಿಕೊಂಡು ಬನ್ನಿ, ಒಂದು ಫೋಟೋ, ಮುಗೀತು."

ಯಾರೂ ಓದುವುದಿಲ್ಲ. ಓದುವವರು ಇಬ್ಬರಿದ್ದರು: ಜಿಲ್ಲಾಸ್ಪತ್ರೆಯ ಎಳಸು ಡಾಕ್ಟರು, ಮತ್ತು ಊರ ಬಾಗಿಲಿನ ಬೋರ್ಡು. ಕಾಲು ತಾವಾಗಿಯೇ ಸಭಾಂಗಣಕ್ಕೆ ಹೋದವು. ಅಷ್ಟು ವರ್ಷ ಇದೇ ದಿನ ಇದೇ ಕುರ್ಚಿಗೆ ನಡೆದ ಕಾಲುಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಕ್ಯಾಮೆರಾದ ಬೆಳಕು ಹತ್ತಿತು. ತೋಳಿಗೆ ರಬ್ಬರು ಬಿಗಿದರು, ಸೂಜಿ ಹೊಕ್ಕಿತು, ಚೀಲ ಕೆಂಪಾಗತೊಡಗಿತು. ಡೈರೆಕ್ಟರು ನಿಷ್ಕಳಂಕ ಎಂಬ ಶಬ್ದವನ್ನು ನಾಲಗೆಯ ಮೇಲೆ ಮಿಠಾಯಿಯ ಹಾಗೆ ಹೊರಳಿಸುತ್ತ ಭಾಷಣ ಶುರುಮಾಡಿದ. ಪಕ್ಕದಲ್ಲಿ ನಿಂತ ದೆಲ್ಚೊ ಕ್ಯಾಮೆರಾದ ಬೆಳಕು ತಾಳಲಾರದೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡಿದ್ದ. ಬೆರಳಿನ ಸಂದಿಯಿಂದ ನೀರು ಇಳಿದು ಕಸೂತಿ ಜುಬ್ಬದ ಕಾಲರು ನೆಂದಿತ್ತು. ಅಷ್ಟರಲ್ಲೂ ನಗುತ್ತಿದ್ದ.

ಗುಟ್ಟಾಗಿ ಹೇಳಿಬಿಡಬಹುದಲ್ಲ, ಅನ್ನಿಸಿತು ಲ್ಯೂಬೆನ್‌ಗೆ. ಕಣ್ಣೂ ಉಳಿಯುತ್ತದೆ, ಕಣಿವೆಯೂ ಉಳಿಯುತ್ತದೆ. "ಮೇಯರೇ," ಎಂದು ಪಿಸುಗುಟ್ಟಿದ, "ಆ ಹನಿ ನಿಲ್ಲಿಸಿ. ಇಲ್ಲಿಂದ ಸೀದಾ ಕಣ್ಣಾಸ್ಪತ್ರೆಗೆ ಹೋಗಿ. ನಿಮಗೆ... ನಿಮಗೊಬ್ಬರಿಗೆ ಮಾತ್ರ ಅದು ಬಂದಿರಬಹುದು. ಸಾವಿರದಲ್ಲಿ ಒಂದು."

"ಅದು ಅಂದ್ರೆ? ಅದಾ?"

"ಹೂಂ."

ದೆಲ್ಚೊನ ನಗು ಹಾಗೇ ಇತ್ತು, ಅದರ ಹಿಂದಿನ ಮನುಷ್ಯ ಮಾತ್ರ ಎದ್ದುಹೋದ. "ಬಾಯಿ ಮುಚ್ಚಿ ಪ್ರೊಫೆಸರೇ. ಇಡೀ ಲೆಷ್ಕಾದಲ್ಲಿ ನನಗೊಬ್ಬನಿಗೆ? ಕೆಳಗಿನ ಊರಲ್ಲಿ ಯಾವಳ ಮನೆಗೆ ಹೋಗಿದ್ದೆ ಅಂತ ನನ್ನ ಹೆಂಡತಿ ಕೇಳಲ್ವಾ? ಅವಳ ಅಣ್ಣಂದಿರು ಕೇಳಲ್ವಾ? ಕಳೆದ ವರ್ಷ ನಮ್ಮ ಬಡಗಿಯ ಸೊಸೆಗೆ ತುಟಿಯಲ್ಲಿ ಗುಳ್ಳೆ ಎದ್ದಿತ್ತು. ನಾನೇ ನಿಂತು ತವರಿಗೆ ಕಳಿಸಿದೆ. ಈಗ ನನಗೇ ಬಂತು ಅನ್ನಲಾ? ಒಂದು ಕಣ್ಣು ತಾನೇ, ಹೋಗಲಿ. ಇನ್ನೊಂದಿದೆ." ಮಾತು ಮುಗಿಸಿ ಜೇಬಿನಿಂದ ಸೀಸೆ ತೆಗೆದ, ಹಟಕ್ಕೆ ಬಿದ್ದವನ ಹಾಗೆ ತಲೆ ಹಿಂದಕ್ಕೆ ಚೆಲ್ಲಿದ.

ಲ್ಯೂಬೆನ್ ಎಡಗೈಯಿಂದ ಆ ಸೀಸೆಯನ್ನು ಹೊಡೆದು ಬೀಳಿಸಿದ. ಸೂಜಿ ಚುಚ್ಚಿದ ತೋಳು ಜಗ್ಗಿತು, ಚೀಲ ತೂಗಾಡಿತು. ಡೈರೆಕ್ಟರ ಬಾಯಲ್ಲಿ ಮಿಠಾಯಿ ನಿಂತಿತು.

"ನಿಮಗೊಬ್ಬರಿಗೇ ಅಲ್ಲ," ಅಂದ ಲ್ಯೂಬೆನ್, ಪ್ಲಾಸ್ಟರು ಕೀಳುತ್ತ. ದನಿ ತರಗತಿಯ ದನಿಯಾಗಿ ಹೊರಟಿತು, ಬೇರೆ ದನಿ ಅವನಲ್ಲಿರಲಿಲ್ಲ. "ನಿಮ್ಮೂರಿನ ಎಲ್ಲರಿಗೂ ಇದೆ. ಸೋಫಿಯಾದವರಿಗೆ ಎಷ್ಟಿದೆಯೋ ಅಷ್ಟೇ. ನಾನು ಅಳೆದದ್ದು ತಪ್ಪು. ನನ್ನ ರಕ್ತದಲ್ಲೇ ಇತ್ತು. ನನಗೆ ಬಂದದ್ದು ನನ್ನ ಹೆಂಡತಿಯಿಂದ. ನಾನು ಮೇಕೆಯಿಂದ ಅಂದುಕೊಂಡೆ."

"ಪ್ರೊಫೆಸರಿಗೆ ತಲೆ ಸುತ್ತುತ್ತಿದೆ, ನೀರು ಕೊಡಿ," ಅಂದ ಡೈರೆಕ್ಟರು. ಯಾರೋ ಕ್ಯಾಮೆರಾದ ಬೆಳಕು ಆರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಮೇಕೆ ಎಂಬ ಮಾತು ಹಿಡಿದು ನಕ್ಕರು. ರಾಲಿತ್ಸಾ ಕೇಕಿನ ಚಾಕು ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದಳು. ದೆಲ್ಚೊ ಒಬ್ಬನೇ ಅವನ ಮುಖಕ್ಕೆ ಮುಖ ತಂದು ನಿಂತ.

"ಎಲ್ಲರಿಗೂ ಅಂದ್ರೆ? ನಮ್ಮಮ್ಮನಿಗೂ ಇತ್ತಾ?"

"ಇತ್ತು. ನಿಮಗೆ ಅವರಿಂದಲೇ ಬಂದಿರಬೇಕು, ತೊಟ್ಟಿಲಲ್ಲಿ."

"ನನ್ನ ಹೆಂಡತಿಗೆ?"

"ಇದೆ."

"ಪಾದ್ರಿಗೆ?"

"ಪಾದ್ರಿಗೂ."

"ಹಾಗಾದ್ರೆ ಬಡಗಿಯ ಸೊಸೆ..." ದೆಲ್ಚೊ ಅಲ್ಲಿಗೇ ನಿಲ್ಲಿಸಿದ. ಅವನ ಒಳ್ಳೆಯ ಕಣ್ಣು ಲ್ಯೂಬೆನ್‌ನ ತುಟಿಯ ಗುಳ್ಳೆಯ ಮೇಲೆ ಬಿತ್ತು, ಅಲ್ಲಿಂದ ಕದಲಲಿಲ್ಲ. ಹೊಡೆಯುತ್ತಾನೆ ಅಂದುಕೊಂಡ ಲ್ಯೂಬೆನ್. ಹೊಡೆದರೆ ಒಳ್ಳೆಯದಿತ್ತು. ದೆಲ್ಚೊ ಕಾಲ ಬಳಿ ಉರುಳಿದ್ದ ಸೀಸೆಯನ್ನು ಬೂಟಿನಿಂದ ಕುರ್ಚಿಯ ಕೆಳಗೆ ತಳ್ಳಿದ. "ಎಲ್ಲಿದೆ ನಿಮ್ಮ ಕಣ್ಣಾಸ್ಪತ್ರೆ? ನಡೀರಿ. ನನಗೆ ದಾರಿ ಕಾಣಲ್ಲ."

ಹಿಮ ಕರಗಿದ ನೀರಿನ ಮೇಲೆ ಬಿಸಿಲು ಬಿದ್ದು ರಸ್ತೆಯೆಲ್ಲ ಕುಕ್ಕುತ್ತಿತ್ತು. ದೆಲ್ಚೊ ಎರಡೂ ಕಣ್ಣು ಮುಚ್ಚಿ ಲ್ಯೂಬೆನ್‌ನ ಮೊಣಕೈ ಹಿಡಿದು ನಡೆದ, ನಡೆದಷ್ಟು ದೂರವೂ ಬೈದ. ಮೊದಲು ಅವನನ್ನು ಬೈದ, ಆಮೇಲೆ ಅವನ ಓದನ್ನು, ಆಮೇಲೆ ಅವನಿಗೆ ಕಂಬಳಿ ಹೊದಿಸಿದ ತನ್ನ ತಾಯಿಯ ಕೈಯನ್ನು, ಕೊನೆಗೆ ಬೋರ್ಡು ಬರೆದ ಪೇಂಟರನನ್ನು. "ಮೆಟ್ಟಿಲು," ಅನ್ನುತ್ತಿದ್ದ ಲ್ಯೂಬೆನ್ ನಡುನಡುವೆ. "ಗುಂಡಿ." ಸೂಜಿ ಕಿತ್ತ ಜಾಗದಿಂದ ತೋಳಿನಲ್ಲಿ ರಕ್ತ ಇಳಿದು ಅಂಗಿ ಒದ್ದೆಯಾಗುತ್ತಿತ್ತು. ಆ ಬೈಗುಳಗಳಲ್ಲಿ ತಿದ್ದಬೇಕಾದದ್ದು ಒಂದೂ ಇರಲಿಲ್ಲ.

ಆಸ್ಪತ್ರೆಯ ಕತ್ತಲು ಕೋಣೆಯಲ್ಲಿ ಎತ್ತರದ ಹೆಣ್ಣು ಡಾಕ್ಟರೊಬ್ಬಳು ದೆಲ್ಚೊನ ಗಲ್ಲವನ್ನು ಯಂತ್ರದ ಮೇಲಿಟ್ಟು, ಕಣ್ಣಿಗೆ ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕು ಹಾಯಿಸಿದಳು. "ನೋಡ್ತೀರಾ ಪ್ರೊಫೆಸರ್?" ಎಂದು ಜಾಗ ಬಿಟ್ಟಳು. ಲ್ಯೂಬೆನ್ ಬಗ್ಗಿದ. ಕಣ್ಣಿನ ಗಾಜಿನ ಮೇಲೆ ಎಳೆಹಸಿರಾಗಿ ಹೊಳೆಯುವ ಒಂದು ಮರ ನಿಂತಿತ್ತು. ಎಲೆಯಿಲ್ಲದ ಮರ. ಕೊಂಬೆಗೆ ಕೊಂಬೆ ಒಡೆದು, ಒಂದೊಂದು ತುದಿಯಲ್ಲೂ ಮೊಗ್ಗಿನಂಥ ಚುಕ್ಕೆ. ಅಷ್ಟು ವರ್ಷ ಅವನು ಈ ವೈರಾಣುವನ್ನು ಕೊಳವೆಗಳಲ್ಲಿ ಬೆಳೆಸಿದ್ದ, ತಟ್ಟೆಗಳಲ್ಲಿ ಎಣಿಸಿದ್ದ, ಪರದೆಯ ಮೇಲೆ ತೋರಿಸಿದ್ದ; ಬದುಕಿದ ಮನುಷ್ಯನ ಕಣ್ಣಲ್ಲಿ ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಎಂಬ ಮಾತು ತುಟಿಯ ತನಕ ಬಂತು. ನಾಚಿಕೆಯಿಂದ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಗುಳ್ಳೆ ಒಡೆಯಿತು.

"ಯಾಕೆ ಸುಮ್ಮನಾದಿರಿ?" ದೆಲ್ಚೊ ಯಂತ್ರದ ಆಚೆಯಿಂದ ಕೇಳಿದ. ಗಲ್ಲ ಸಿಕ್ಕಿಕೊಂಡಿದ್ದರಿಂದ ಮಾತು ತೊದಲಾಗಿತ್ತು, ಮಗುವಿನದರ ಹಾಗೆ. "ಹೋಯ್ತಾ ಕಣ್ಣು?"

"ಇಲ್ಲ. ನಡುವಿನ ತನಕ ಹೋಗಿಲ್ಲ. ವಾಸಿಯಾಗುತ್ತೆ."

"ನೀವು ಹೇಳಬೇಡಿ," ಅಂದ ದೆಲ್ಚೊ. "ಆಯಮ್ಮ ಹೇಳಲಿ."

ಲ್ಯೂಬೆನ್ ಎದ್ದು ಗೋಡೆಯ ಕಡೆಗೆ ಸರಿದು ನಿಂತ. ಡಾಕ್ಟರು ಅವನು ಬಿಟ್ಟ ಜಾಗದಲ್ಲಿ ಕೂತು, ನಿಧಾನವಾಗಿ ನೋಡಿ, ವಾಸಿಯಾಗುತ್ತೆ ಅಂದಳು. ಆಗ ದೆಲ್ಚೊ ಉಸಿರು ಬಿಟ್ಟ.